ಬ್ಯಾಜಟ್ಟನ ರಾಜತತ್ತ್ವವೂ ಪ್ರಜಾಸಮತ್ವವೂ

ವಾಲ್ಟರ್ ಬ್ಯಾಜಟ್ (1826–1877) ಎಂಬ ಆಂಗ್ಲ ಪತ್ರಕರ್ತನು ರಚಿಸಿದ ‘ಇಂಗ್ಲಿಷ್ ರಾಜ್ಯಾಂಗ’ವು 1867ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು. ಅರಸನಿದ್ದೂ ಪಾರ್ಲಿಮೆಂಟೇ ಆಳುವ ಪದ್ಧತಿಯನ್ನು ನಿರೂಪಿಸುವವರು ಇಂದಿಗೂ ಈ ಗ್ರಂಥವನ್ನು ಆಶ್ರಯಿಸುತ್ತಾರೆ. ಐದನೆಯ ಜಾರ್ಜ್ ಪಟ್ಟವೇರುವುದಕ್ಕೆ ಮೊದಲೇ ಇದನ್ನು ವ್ಯಾಸಂಗಮಾಡಿ ಸಾರವನ್ನು ಬರೆದಿಟ್ಟುಕೊಂಡಿದ್ದನು. ಇಷ್ಟು ಪ್ರಾಮಾಣ್ಯವನ್ನು ಪಡೆದ ಕೃತಿಯಲ್ಲಿ ಪ್ರಜೆಗಳ ಸಮಾನತೆಗೆ ಯಾವ ಸ್ಥಾನವಿದೆಯೆಂಬುದು ವಿಚಾರಣೀಯವಾಗಿದೆ.

ಗ್ರಂಥಕಾರನು ರಾಜ್ಯಾಂಗವನ್ನು ಎರಡಾಗಿ ವಿಂಗಡಿಸುತ್ತಾನೆ. ಜನರ ಭಕ್ತಿಗೌರವಗಳನ್ನು ಸಂಪಾದಿಸುವುದು ಶೋಭಾಂಗ. ಆ ಬಲದಿಂದ ರಾಜ್ಯಭಾರವನ್ನು ನಡೆಸುವುದು ಸಾಧಕಾಂಗ. ಮೊದಲನೆಯದರಲ್ಲಿ ಅರಸನು ಮುಖ್ಯನು, ಎರಡನೆಯದರಲ್ಲಿ ಮಂತ್ರಿಮಂಡಲವು. ಶಾಸನಾಧಿಕಾರವನ್ನೂ ಆಡಳಿತಾಧಿಕಾರವನ್ನೂ ಬೆಸೆಯುವ ಸಂಧಿಯು ಮಂತ್ರಿಮಂಡಲವೇ ಎಂದು ವಿಶದಪಡಿಸಿದುದು ಈತನ ಹಿರಿಮೆ.

ಆದರೆ ಶೋಭಾಂಗಕ್ಕೆ ಆತನು ಕೊಡುವ ಹೇತುವು ಶಂಕಾಸ್ಪದವಾಗಿದೆ. ಸಾಮಾನ್ಯಜನರಿಗೆ ರಾಜ್ಯಾಂಗದ ಸೂಕ್ಷ್ಮತತ್ತ್ವವು ತಿಳಿಯದು, ಒಬ್ಬ ವ್ಯಕ್ತಿಯ ಅಥವಾ ಒಂದು ಕುಟುಂಬದ ವೃತ್ತಾಂತವು ತಿಳಿಯುವುದು. ಆದಕಾರಣ ಅರಸನು ಬೇಕು ಎಂಬುದು ಆತನ ವಾದ. ಇಲ್ಲಿ ಪ್ರಜೆಗಳ ಅಸಾಮರ್ಥ್ಯವು ಪರೀಕ್ಷೆಯಿಲ್ಲದೆ ಸಿದ್ಧವೆಂದು ಗೃಹೀತವಾಗಿದೆ. 1867ರ ಸುಧಾರಣಾಶಾಸನವು ಪಟ್ಟಣಗಳ ಕೆಲಸಗಾರರಲ್ಲಿ ಅನೇಕರಿಗೆ ಮತಾಧಿಕಾರವನ್ನಿತ್ತಿತು. 1872ರ ಆವೃತ್ತಿಯ ಪೀಠಿಕೆಯಲ್ಲಿ ಆತನು ಅದಕ್ಕಾಗಿ ಭಯಪಟ್ಟಿರುವುದು ಈ ವಾದಕ್ಕೆ ಅನುರೂಪವಾಗಿಯೇ ಇದೆ.

ಚರಿತ್ರೆಯು ಈ ಹೇತುವನ್ನು ಬಾಧಿತಗೊಳಿಸಿದೆ. 1918ರಲ್ಲಿ 21 ವರ್ಷ ತುಂಬಿದ ಪುರುಷರಿಗೂ, 30 ವರ್ಷ ತುಂಬಿ ಆಸ್ತಿಯ ಅರ್ಹತೆಯಿದ್ದ ಸ್ತ್ರೀಯರಿಗೂ ಮತವು ದೊರೆಯಿತು. 1928ರಲ್ಲಿ ಸ್ತ್ರೀಪುರುಷರ ಭೇದವು ಅಳಿಯಿತು. ವಿಶ್ವವಿದ್ಯಾಲಯದ ಪದವಿ, ವ್ಯಾಪಾರದ ಸ್ಥಳ ಇವುಗಳ ಕಾರಣದಿಂದ ಕೆಲವರಿಗಿದ್ದ ಎರಡನೆಯ ಮತವನ್ನು 1948ರ ಶಾಸನವು ತೆಗೆದುಹಾಕಿತು. ಮತವು ಸಮವಾಯಿತು, ರಾಜತ್ವವೂ ಉಳಿಯಿತು. ಆದುದರಿಂದ ಪ್ರಜೆಗಳ ಅಜ್ಞಾನವು ರಾಜತ್ವಕ್ಕೆ ಆಧಾರವೆಂಬುದು ಸಲ್ಲದು.

ಹಾಗಾದರೆ ಅರಸನಿರುವಲ್ಲಿ ಸಮಾನತೆಯು ಪೂರ್ಣವಾಯಿತೆ? ಅರಸನ ಅಧಿಕಾರವು ನಾಮಮಾತ್ರವಾದುದು, 1708ರಿಂದೀಚೆಗೆ ಯಾವ ಮಸೂದೆಗೂ ಸಿಂಹಾಸನವು ಅಂಗೀಕಾರವನ್ನು ನಿರಾಕರಿಸಿಲ್ಲ ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ಬ್ಯಾಜಟ್ಟನಲ್ಲಿಯೇ ಇದೆ. ಮಂತ್ರಿಗಳ ಸಮಾಲೋಚನೆಗೆ ಪಾತ್ರನಾಗುವುದು, ಅವರನ್ನು ಪ್ರೋತ್ಸಾಹಿಸುವುದು, ಎಚ್ಚರಿಸುವುದು ಎಂಬ ಮೂರು ಹಕ್ಕುಗಳನ್ನು ಆತನು ಅರಸನಿಗೆ ಕೊಡುತ್ತಾನೆ. ದೀರ್ಘಕಾಲ ಆಳಿದವನ ಅನುಭವದಿಂದ ಇವು ಬಲಿಯುವುವೆಂದೂ ಒಪ್ಪುತ್ತಾನೆ. ಪ್ರಧಾನಮಂತ್ರಿಯು ಸಾಮಾನ್ಯವಾಗಿ ವಾರಕ್ಕೊಮ್ಮೆ ಅರಸನನ್ನು ಏಕಾಂತದಲ್ಲಿ ಕಾಣುತ್ತಾನೆ. ಅರಸನ ವಿಶೇಷಾಧಿಕಾರವನ್ನಾಗಲಿ ಸ್ವಂತ ಹಿತವನ್ನಾಗಲಿ ಮುಟ್ಟುವ ಮಸೂದೆಯು ಪಾರ್ಲಿಮೆಂಟಿನಲ್ಲಿರುವಾಗಲೇ ಆತನ ಸಮ್ಮತಿಯನ್ನು ಪಡೆಯಬೇಕೆಂಬ ನಿಯಮವೂ ಇದೆ. ಪ್ರಜೆಯ ಮತವು ಎಣಿಕೆಗೆ ಸಿಕ್ಕುತ್ತದೆ. ಜನ್ಮಮಾತ್ರದಿಂದ ಪ್ರಾಪ್ತವಾದ ಈ ಮಾತು ಎಣಿಕೆಗೂ ಸಿಕ್ಕದು, ಚರ್ಚೆಗೂ ಸಿಕ್ಕದು. ಹೀಗೆ ಅರಸನು ಸಾಧಕಾಂಗದಲ್ಲಿಯೂ ಸೇರಿರುವುದರಿಂದ ಗ್ರಂಥಕಾರನ ವಿಭಾಗವೇ ಶಿಥಿಲವಾಗುತ್ತದೆ.

ಕಿರೀಟ, ಮೆರವಣಿಗೆ ಮುಂತಾದ ವೈಭವವು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಅದರಿಂದ ಯಾರ ಮತವೂ ಕುಂದುವುದಿಲ್ಲ. ಸಮತ್ವಕ್ಕೆ ವಿರೋಧಿಯಾದುದು ಮರೆಯಲ್ಲಿ ನಡೆಯುವ ಪ್ರಭಾವ. ರಾಜತ್ವದ ಮಹಿಮೆಯು ಮರೆಯಲ್ಲಿದ್ದರೇ ಉಳಿಯುವುದೆಂದು ಬ್ಯಾಜಟ್ಟನು ಭಾವಿಸಿದನು. ಆ ಮರೆಯನ್ನೇ ಪರೀಕ್ಷಿಸಬೇಕಾಗಿದೆ. ಆಡಳಿತಯಂತ್ರದ ವರ್ಣನೆಯಲ್ಲಿ ಆತನು ಆಪ್ತನು. ಪ್ರಜೆಗಳ ಯೋಗ್ಯತೆಯ ನಿರ್ಣಯದಲ್ಲಿ ಆತನ ಮಾತು ಪ್ರಮಾಣವಲ್ಲ.