ಇಪ್ಪತ್ತೆಂಟನೆಯ ಬೈಟು: ಸಿ ರಸಿಕರಿಗೊಂದು ಕೈಪಿಡಿ

ಬೆಳಗಿನ ಮಾರಿಕುಪ್ಪಂ–ಬೆಂಗಳೂರು ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತವೆ. ಮೊನ್ನೆ ನಿಂತೇ ಹೋಗುವಾಗ ಪಕ್ಕದಲ್ಲೊಬ್ಬ ಕೆಜಿಎಫ್ ಕಡೆಯ ಎಂಜಿನಿಯರಿಂಗ್ ಹುಡುಗ, ಕೈಯಲ್ಲಿ ಬಾಲಗುರುಸಾಮಿಯವರ ಸಿ ಪುಸ್ತಕ. "ಇದು ಮುಚ್ಚಿದ ಗಣಿ ಥರ ಅಲ್ವಾ ಸಾರ್? ಪರೀಕ್ಷೆಗೆ ಅಂತ ಇಳೀಬೇಕು, ಅಷ್ಟೆ" ಅಂದ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ನಿಜ. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆ ಮಾತ್ರ ಈಗಲೂ ಮೂರು ಪಾಳಿ ದುಡಿಯುತ್ತಿದೆ. ಹುಡುಗನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್ ಕರ್ನೆಲ್, ಅದರೊಳಗೆ ಮಾಹಿತಿ ಜೋಡಿಸಿಡುವ ಎಸ್‌ಕ್ಯುಲೈಟ್, ಅವನು ಇಷ್ಟಪಟ್ಟು ಕಲಿತ ಪೈಥಾನಿನ ಮುಖ್ಯ ಇಂಟರ್‌ಪ್ರಿಟರ್, ಎಲ್ಲದರಲ್ಲೂ ಬಹುಪಾಲು ಸಿ.

ಇದು ಉಪಯೋಗದ ಮಾತಾಯಿತು. ರುಚಿಯದು ಬೇರೆ. ನಮ್ಮೂರ ಪಾನಿಪುರಿ ತಿಂದವರಿಗೆ ಬೇಗ ಅರ್ಥವಾದೀತು. ಬೇರೆ ಕಡೆ ಪಾನಿ ಹಸಿರಾಗಿರುತ್ತದೆ, ಇಲ್ಲಿ ತಿಳಿನೀರು. ನೋಡಿದರೆ ಏನೂ ಇಲ್ಲ, ಗಂಟಲಿಗಿಳಿದ ಮೇಲೆ ಕಣ್ಣಲ್ಲಿ ನೀರು. ಸಿ ಕೂಡ ಹಾಗೇ. 1989ರ ಮಾನಕದಲ್ಲಿ ಮೀಸಲು ಪದಗಳು ಬರೀ 32. ಒಂದು ದಿನದಲ್ಲಿ ಬಾಯಿಪಾಠ ಮಾಡಬಹುದು. ಖಾರ ಇರುವುದು ಮೆಮೊರಿಯಲ್ಲಿ.

ಹಾಗಾಗಿ ಸಿ ಓದಲು ಕೂರುವಾಗ ಪಕ್ಕದಲ್ಲಿ ಚೌಕುಳಿ ಕಾಗದ ಇಟ್ಟುಕೊಳ್ಳಿ. ಒಂದು ಮನೆಗೆ ಒಂದು ಬೈಟು. "ಬಂಗಾರಪೇಟೆ" ಎಂದು ಬರೆಯಿರಿ. ಕಣ್ಣಿಗೆ 5 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸೊನ್ನೆ, ದೀರ್ಘ, ಏತ್ವಗಳೂ ಬೇರೆ ಬೇರೆ ಆಗುವುದರಿಂದ 9. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟು, ಅಂದರೆ 27. ಮೊದಲ 'ಬ' ಒಂದೇ 224, 178, 172 ಎಂದು ಮೂರು ಮನೆ ಹಿಡಿಯುತ್ತದೆ. ಬೇರೆ ಭಾಷೆಗಳು ಇದನ್ನೆಲ್ಲ ಪರದೆಯ ಹಿಂದಿಡುತ್ತವೆ. ಸಿ ಮುಂದಿಟ್ಟು ಸುಮ್ಮನಾಗುತ್ತದೆ.

ಈಗ ಪಾಯಿಂಟರ್. ಅದಕ್ಕೆ 'ಬೆರಳು' ಎಂದು ಹೆಸರಿಡೋಣ. ಈಚಿನ ಜಿಸಿಸಿ ಕಂಪೈಲರ್ ಕನ್ನಡದ ಹೆಸರನ್ನೂ ಒಪ್ಪುತ್ತದೆ. ಬೆರಳು ಎಂದರೆ ಮನೆಯ ನಂಬರು. *ಬೆರಳು ಎಂದರೆ ಆ ಮನೆಯಲ್ಲಿ ಇರುವುದು. *ಬೆರಳು++ ಎಂದರೆ ಇಲ್ಲಿರುವುದನ್ನು ಎತ್ತಿಕೋ, ಬೆರಳನ್ನು ಮುಂದಿನ ಮನೆಗೆ ಸರಿಸು. ಸಾಲಿನುದ್ದಕ್ಕೂ ಹೀಗೇ ನಡೆದು, ಸೊನ್ನೆ ಇರುವ ಮನೆ ಸಿಕ್ಕಿದಾಗ ನಿಲ್ಲಬೇಕು. ಪದ ಮುಗಿಯಿತು ಎಂದು ಹೇಳಲು ಸಿ ಬಳಿ ಇರುವುದು ಆ ಸೊನ್ನೆಯೊಂದೇ. ಉದ್ದ ಅಳೆಯುವ ಸ್ಟ್ರ್‌ಲೆನ್ ಅದನ್ನು ಎಣಿಸುವುದಿಲ್ಲ, 27 ಎನ್ನುತ್ತದೆ. ಆದರೆ ಜಾಗ ಬೇಕಾಗುವುದು 28ಕ್ಕೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೊದಲ ಕೆಲಸದಲ್ಲಿ ವಿಳಾಸದ ಚೀಟಿ ಅಚ್ಚು ಮಾಡುವ ಪ್ರೋಗ್ರಾಂ ಬರೆಯುವಾಗ ಊರಿಗೆ 27 ಬೈಟು ಇಟ್ಟೆ, ಅದಕ್ಕೆ ಅಂಟಿಕೊಂಡೇ ಪಿನ್‌ಗೆ 7. ಊರು ತುಂಬಿ ಆಮೇಲೆ ಪಿನ್ ತುಂಬಿದಾಗ ಚೀಟಿಯ ಮೇಲೆ "ಬಂಗಾರಪೇಟೆ563114" ಎಂದು ಒಂದೇ ಉಸಿರಿಗೆ ಬಂತು. ಕೊನೆಯ ಸೊನ್ನೆ ಪಿನ್ನಿನ ಮನೆಗೆ ಬಿದ್ದಿತ್ತು, 5 ಬಂದು ಅದರ ಮೇಲೆ ಕೂತಿತ್ತು. ಬುದ್ಧಿವಂತಿಕೆ ಮಾಡಿ ತುಂಬುವ ಸರದಿಯನ್ನು ಪಿನ್ ಮೊದಲು, ಊರು ಆಮೇಲೆ ಎಂದು ತಿರುಗಿಸಿದೆ. ಈ ಸಲ ಪಿನ್ನೇ ಮಾಯ! ಊರಿನ ಸೊನ್ನೆ ಪಿನ್ನಿನ ಮೊದಲ ಅಂಕಿಯನ್ನು ಅಳಿಸಿತ್ತು. ಕಂಪೈಲರ್ ತುಟಿಪಿಟಕ್ಕೆನ್ನಲಿಲ್ಲ. ಆ ಮಧ್ಯಾಹ್ನ ಕಾಗದದ ಮೇಲೆ ಮನೆಗಳನ್ನು ಗೀಚಿ, ಸೊನ್ನೆ ಎಲ್ಲಿ ಹೋಯಿತೆಂದು ಕಂಡಾಗ ಸಿಟ್ಟಿಗಿಂತ ಹೆಚ್ಚಾಗಿ ಖುಷಿಯಾಯಿತು. ಸಿ ಹಿಡಿಸಿದ್ದು ಅವತ್ತೇ.

ಇಂಥ ಎಡವಟ್ಟುಗಳಿಂದಲೇ ಕಳ್ಳರು ಒಳನುಗ್ಗುವುದೂ ಹೌದು. ಅದಕ್ಕೇ ರಸ್ಟ್ ಭಾಷೆ ಬಂತು. 2022ರ ಡಿಸೆಂಬರಿನ 6.1ನೇ ಆವೃತ್ತಿಯಿಂದ ಲಿನಕ್ಸ್ ಕರ್ನೆಲ್ಲಿಗೂ ಕಾಲಿಟ್ಟಿದೆ. ಹೊಸದಾಗಿ ಬ್ಯಾಂಕಿನ ಕೆಲಸವೋ ಆಸ್ಪತ್ರೆಯ ಕೆಲಸವೋ ಶುರುಮಾಡುವವರಿಗೆ ನಾನು ಸಿ ಹಿಡಿಯಿರಿ ಎನ್ನಲಾರೆ. ಆದರೆ ರಸ್ಟ್ ಯಾಕೆ ಅಷ್ಟು ಗದರುತ್ತದೆ ಎಂಬುದು ತಿಳಿಯಬೇಕಾದರೆ ಸೊನ್ನೆಯನ್ನು ಒಮ್ಮೆಯಾದರೂ ಕಳೆದುಕೊಂಡಿರಬೇಕು.

ಇನ್ನೊಂದು ಮಾತು. ಒಂದೇ ಸಾಲಿಗೆ ಹತ್ತು ಚಿಹ್ನೆ ತುರುಕಿದ ಕೋಡ್ ಕಂಡರೆ ಬೆರಗಾಗಬೇಡಿ, ಅದು ದೊಂಬರಾಟ. ಒಳ್ಳೆಯ ಸಿಯಲ್ಲಿ ಗಮನಿಸಬೇಕಾದ್ದು ಬೇರೆ: ಮ್ಯಾಲಕ್ ಮಾಡಿ ತಂದ ಜಾಗವನ್ನು ಯಾರು, ಯಾವ ಸಾಲಿನಲ್ಲಿ ಫ್ರೀ ಮಾಡುತ್ತಾರೆ? ಕೆಲಸ ನಡುವೆ ಕೆಟ್ಟರೂ ಮಾಡುತ್ತಾರೆಯೇ?

ಹುಡುಗನಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ವೈಟ್‌ಫೀಲ್ಡ್ ಬಂತು. ಇಳಿಯುವ ಮುಂಚೆ ಒಂದು ಲೆಕ್ಕ ಕೊಟ್ಟೆ, ನೀವೂ ಮಾಡಿ. ಅವನು ರೈಲು ಹತ್ತಿದ "ಮಾರಿಕುಪ್ಪಂ" ಕಣ್ಣಿಗೆ 4 ಅಕ್ಷರ, ಬಂಗಾರಪೇಟೆಗಿಂತ ಚಿಕ್ಕದು. ಪಕಾರದ ಒತ್ತಿನೊಳಗೆ ಕಾಣದಂತೆ ಒಂದು ಹಲಂತ ಕೂತಿದೆ, ಅದಕ್ಕೂ 3 ಬೈಟು ಬೇಕು. ನಾನು ಆಮೇಲೆ 28ಕ್ಕೆ ಏರಿಸಿದ ಊರಿನ ಜಾಗಕ್ಕೆ ಈ ಹೆಸರನ್ನು ಸುರಿದರೆ ಪಿನ್ನಿನ ಎಷ್ಟು ಮನೆ ಹಾಳಾಗುತ್ತವೆ?