ಹಲಗೆಯಿಂದ ಶುರುವಾಗುವ ಕಥೆ

ಒಬ್ಬ ಕುಶಲಕರ್ಮಿ ಒಂದು ಅಕೌಸ್ಟಿಕ್ ಗಿಟಾರನ್ನು ಕೈಯಾರೆ ಕಟ್ಟುವುದನ್ನು ಮೊದಲಿನಿಂದ ಕೊನೆಯವರೆಗೂ ಪಕ್ಕದಲ್ಲಿ ಕೂತು ನೋಡುವ ಬರವಣಿಗೆ ಇಂಗ್ಲಿಷಿನಲ್ಲಿ ಈಗ ಒಂದು ಪ್ರಕಾರವೇ ಆಗಿದೆ. ಅದಕ್ಕೊಂದು ಗೊತ್ತಾದ ನಡಿಗೆಯಿದೆ. ಮೊದಲು ಗಿರಾಕಿ ಮತ್ತು ಕರ್ಮಿ ಸೇರಿ ಮರ ಆರಿಸುತ್ತಾರೆ. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತಾರೆ. ಒಂದೇ ತುಂಡನ್ನು ಸೀಳಿ ಪುಸ್ತಕದ ಎರಡು ಪುಟಗಳಂತೆ ಬಿಡಿಸಿ, ಎಳೆಗಳು ಒಂದಕ್ಕೊಂದು ಕನ್ನಡಿಯಾಗುವಂತೆ ಅಂಟಿಸಿ ಬೆನ್ನು ಮಾಡುತ್ತಾರೆ. ಎರಡು ಮೂರು ಮಿಲಿಮೀಟರಿಗೆ ಇಳಿಸಿದ ಪಟ್ಟಿಯನ್ನು ನೀರು ಮತ್ತು ಕಾವಿನಿಂದ ಬಗ್ಗಿಸಿ ಸೊಂಟದ ಆಕಾರ ಕೊಡುತ್ತಾರೆ. ಮೇಲ್ಪದರದ ಒಳಗೆ ಗುಣಾಕಾರದ ಚಿಹ್ನೆಯಂತೆ ಆಧಾರಪಟ್ಟಿಗಳನ್ನು ಕೂರಿಸಿ ಉಳಿಯಿಂದ ಕೆತ್ತುತ್ತಾರೆ. ಕೊನೆಗೆ ತಂತಿ ಕಟ್ಟುತ್ತಾರೆ, ಮೊದಲ ಸ್ವರ ಹೊರಡುತ್ತದೆ, ಕಥೆ ಮುಗಿಯುತ್ತದೆ.

ಈ ಪ್ರಕಾರವನ್ನು ನಾನು ಇಷ್ಟಪಟ್ಟು ಓದುತ್ತೇನೆ. ಕಾರ್ಖಾನೆಯ ಸರಕು ಎಲ್ಲಿಂದ ಬಂತೆಂದು ಯಾರೂ ಕೇಳದ ಕಾಲದಲ್ಲಿ ಅದು ಕೆಲಸದ ಮೇಲೆ ಕಣ್ಣಿಡುವುದನ್ನು ಕಲಿಸುತ್ತದೆ. ಅಲೆನ್ ಸೇಂಟ್ ಜಾನ್ 2005ರಲ್ಲಿ ಪ್ರಕಟಿಸಿದ 'ಕ್ಲಾಪ್ಟನ್ಸ್ ಗಿಟಾರ್' ಇದರ ಒಳ್ಳೆಯ ಮಾದರಿ. ಅಮೆರಿಕದ ವರ್ಜೀನಿಯಾದ ರಗ್ಬಿ ಎಂಬ ಪುಟ್ಟ ಊರಿನ ವೇಯ್ನ್ ಹೆಂಡರ್ಸನ್, ಎರಿಕ್ ಕ್ಲಾಪ್ಟನ್‌ಗಾಗಿ ಗಿಟಾರ್ ಕಟ್ಟುವ ಕಥೆ ಅದು. ಹೆಂಡರ್ಸನ್ ಹಳ್ಳಿಗಳಿಗೆ ಅಂಚೆ ಹಂಚುವ ಕೆಲಸವನ್ನೂ ಮಾಡಿದವರು. ಲೋಕಪ್ರಸಿದ್ಧ ವಾದಕನನ್ನು ವರ್ಷಗಟ್ಟಲೆ ಕಾಯಿಸುವ ಹಳ್ಳಿಯ ಕರ್ಮಿ ಎಂಬ ಚಿತ್ರವೇ ಪುಸ್ತಕದ ಸೊಗಸು. ಯಜಮಾನಿಕೆಯ ಲೆಕ್ಕ ಅಲ್ಲಿ ತಿರುಗುಮುರುಗಾಗುತ್ತದೆ: ಹಣವಿದ್ದವನು ಕಾಯುತ್ತಾನೆ, ಕೈಯಿದ್ದವನು ಕಾಯಿಸುತ್ತಾನೆ.

ಇಂಥ ಬರಹಗಳನ್ನು ಬಾಳೆಹೊನ್ನೂರಿನಲ್ಲಿ ಕೂತು ಓದುವಾಗ ಮಾತ್ರ ಒಂದು ಸಣ್ಣ ತೊಡಕು ಎದುರಾಗುತ್ತದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ 'ಈಸ್ಟ್ ಇಂಡಿಯನ್ ರೋಸ್‌ವುಡ್' ನಮ್ಮ ಬೀಟೆ. ಭದ್ರೆಯ ಎರಡೂ ದಂಡೆಯ ತೋಟಗಳಲ್ಲಿ ಮೆಣಸಿನ ಬಳ್ಳಿಯನ್ನು ಹಬ್ಬಿಸಿಕೊಂಡು, ಕಾಫಿಗೆ ನೆರಳು ಕೊಟ್ಟು ನಿಂತಿರುವ ಮರ. ಹಳೆಯ ಮನೆಗಳ ಮಂಚ, ಪೆಟ್ಟಿಗೆ, ಬಾಗಿಲುಗಳಲ್ಲಿ ಕಪ್ಪು ಎಳೆಗಳಾಗಿ ಉಳಿದಿರುವ ಮರ. ಗಿಟಾರಿನ ಕಥೆಯಲ್ಲಿ ಅದು ಪ್ರವೇಶಿಸುವಾಗ ಆಗಲೇ ಹಲಗೆಯಾಗಿರುತ್ತದೆ. ಅದರ ಹಿಂದಿನ ಎಂಬತ್ತೋ ನೂರೋ ವರ್ಷ ಆ ಕಥೆಗೆ ಬೇಕಾಗಿಲ್ಲ.

ಬೀಟೆ ಅಲ್ಲಿಗೆ ಹೋದದ್ದರ ಹಿಂದೊಂದು ಚರಿತ್ರೆಯಿದೆ. ಬಹುಕಾಲ ಒಳ್ಳೆಯ ಗಿಟಾರುಗಳ ಬೆನ್ನು ಮತ್ತು ಪಕ್ಕೆಗೆ ಬಳಕೆಯಾಗುತ್ತಿದ್ದದ್ದು ಬ್ರೆಜಿಲಿನ ರೋಸ್‌ವುಡ್. ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತನ್ನು ತಡೆದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. 1992ರಲ್ಲಿ ಬ್ರೆಜಿಲಿನ ಮರವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಲಾಯಿತು. ಒಂದು ಕಾಡು ಬರಿದಾದಾಗ ಇನ್ನೊಂದು ಕಾಡು ಅದರ ಜಾಗ ತುಂಬಿತು. ಗಿಟಾರ್ ಪ್ರಿಯರ ಮಾತಿನಲ್ಲಿ ಬೀಟೆ ಇವತ್ತಿಗೂ ಬಹುಪಾಲು 'ಬದಲಿ ಮರ'ವೇ. ಅದರ ನಾದವನ್ನು ಅಳೆಯುವುದು ಬ್ರೆಜಿಲಿನ ಮರದ ನೆನಪಿನೊಂದಿಗೆ ಹೋಲಿಸಿಯೇ.

2017ರ ಜನವರಿ 2ರಿಂದ ಬೀಟೆಯ ಕುಲದ ಮರಗಳೆಲ್ಲ ಸೈಟಿಸ್‌ನ ಎರಡನೆಯ ಪಟ್ಟಿಗೆ ಬಂದವು. ಗಿಟಾರ್ ಹಿಡಿದು ಗಡಿ ದಾಟಲು ಕಾಗದಪತ್ರ ಬೇಕೇ ಎಂಬ ಆತಂಕ ಸಂಗೀತಗಾರರಲ್ಲಿ ಹುಟ್ಟಿತು. 2019ರಲ್ಲಿ ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕೆ ನಿಯಂತ್ರಣ ಉಳಿಯಿತು. ವ್ಯವಹಾರದ ದೃಷ್ಟಿಯಿಂದ ಇದು ವಿವೇಕದ ತೀರ್ಮಾನವೇ. ಆದರೆ ಇದನ್ನೂ ಒಂದು ಪಠ್ಯವಾಗಿ ಓದಬಹುದು. ವಾದ್ಯವಾದ ಕೂಡಲೇ ಮರ ತನ್ನ ಮರತನದಿಂದ ಬಿಡುಗಡೆ ಹೊಂದುತ್ತದೆ ಎಂದು ಕಾನೂನು ಹೇಳುತ್ತಿದೆ. ನಾನು ಮಾತಾಡುತ್ತಿರುವ ಬರವಣಿಗೆಯೂ ಅದನ್ನೇ ಹೇಳುತ್ತದೆ. ಗಿಟಾರಿನ ಹೊಟ್ಟೆಯೊಳಗೆ ಅಂಟಿಸುವ ಚೀಟಿಯಲ್ಲಿ ಕಟ್ಟಿದವರ ಹೆಸರು, ವರ್ಷ, ಕ್ರಮಸಂಖ್ಯೆ ಇರುತ್ತವೆ. ಮರ ಯಾವ ಊರಿನದೆಂದು ಬರೆಯುವ ರೂಢಿಯಿಲ್ಲ.

ಇಲ್ಲೊಂದು ವಿರೋಧಾಭಾಸವಿದೆ. ಕೈಯಿಂದ ಕಟ್ಟಿದ ಗಿಟಾರಿನ ಹೆಮ್ಮೆಯೇ ಅದು ಇನ್ನೊಂದರಂತಿಲ್ಲ ಎಂಬುದು. ಹಾಗೆ ಬೇರೆಯಾಗಿ ಕಾಣುವುದರಲ್ಲಿ ದೊಡ್ಡ ಪಾಲು ಮರದ ಎಳೆಗಳದ್ದು. ಎಳೆಗಳೆಂದರೆ ಮಳೆ, ಬೇಸಗೆ, ಇಳಿಜಾರು, ಪಕ್ಕದ ಮರದೊಂದಿಗಿನ ಪೈಪೋಟಿ ಇವೆಲ್ಲದರ ದಾಖಲೆ. ಅಂದರೆ ಊರಿನ ಗುರುತು ಮರದ ಮೇಲೆ ಇದ್ದೇ ಇದೆ. ಕಥನ ಅದನ್ನು ಚೆಲುವು ಎಂದು ಓದುತ್ತದೆ, ಚರಿತ್ರೆ ಎಂದು ಓದುವುದಿಲ್ಲ.

ಎಲ್ಲವನ್ನೂ ಹೇಳಲು ಹೊರಟರೆ ಯಾವ ಕಥೆಯೂ ಮುಗಿಯುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಗಿಟಾರಿಗೆ ಬೇಕಾಗುವ ಮರ ಎಷ್ಟು, ಪೀಠೋಪಕರಣಕ್ಕೆ ಹೋದದ್ದೆಷ್ಟು ಎಂದೂ ಕೇಳಬಹುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರಕ್ಕೆ ಬೇರೆ ದಾರಿ ಹಿಡಿದ ಎರಡು ಪುಸ್ತಕಗಳನ್ನು ನೋಡಬೇಕು. ಆಸ್ಟ್ರೇಲಿಯಾದ ಭೂಗೋಳ ವಿದ್ವಾಂಸರಾದ ಕ್ರಿಸ್ ಗಿಬ್ಸನ್ ಮತ್ತು ಆಂಡ್ರ್ಯೂ ವಾರನ್ ಅವರ 'ದಿ ಗಿಟಾರ್' 2021ರಲ್ಲಿ ಬಂತು. ಅವರು ಗಿಟಾರಿನಿಂದ ಹಿಂದಕ್ಕೆ ನಡೆಯುತ್ತಾರೆ: ಕಾರ್ಖಾನೆ, ಸಾಮಿಲ್ಲು, ಕಾಡು. ದಿಕ್ಕು ಬದಲಾದ ಕೂಡಲೇ ಪಾತ್ರಗಳೂ ಬದಲಾಗುತ್ತವೆ. ದಿಮ್ಮಿ ಕೊಯ್ಯುವವರಿಗೂ ಮರ ಬೆಳೆಸುವವರಿಗೂ ಕಥೆಯಲ್ಲಿ ಜಾಗ ಸಿಗುತ್ತದೆ.

ಇನ್ನೊಂದು, 2020ರಲ್ಲಿ ಬಂದ ಟಿ. ಎಂ. ಕೃಷ್ಣ ಅವರ 'ಸೆಬಾಸ್ಟಿಯನ್ ಅಂಡ್ ಸನ್ಸ್'. ಇದು ಮೃದಂಗ ಮಾಡುವವರ ಚರಿತ್ರೆ. ಹಲಸಿನ ಮರದ ಜೊತೆಗೆ ಹಸು, ಎಮ್ಮೆ, ಆಡುಗಳ ಚರ್ಮ ಸೇರಿದರೆ ಮೃದಂಗ. ಆ ಚರ್ಮ ಯಾರ ಕೈಯಿಂದ ಬಂತು, ಆ ಕೈಗೆ ಸಭಾಂಗಣದಲ್ಲಿ ಜಾಗ ಎಲ್ಲಿತ್ತು ಎಂದು ಕೃಷ್ಣ ಕೇಳುತ್ತಾರೆ. ಪಾಲ್ಘಾಟ್ ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎಂಬ ಕರ್ಮಿಯ ಕಿವಿ ಮತ್ತು ಕೈ ಇದ್ದವು ಎಂಬುದು ಅಲ್ಲಿ ಬರೀ ಕೃತಜ್ಞತೆಯ ಸಾಲಾಗಿ ಬರುವುದಿಲ್ಲ, ನಾದವನ್ನು ಸೃಷ್ಟಿಸಿದವರು ಯಾರು ಎಂಬ ವಾದವಾಗಿ ಬರುತ್ತದೆ. ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣದ ಅನುಮತಿಯನ್ನು ಚೆನ್ನೈನ ಕಲಾಕ್ಷೇತ್ರ ಹಿಂತೆಗೆದುಕೊಂಡಿತ್ತು. ವಾದ್ಯದ ಹುಟ್ಟನ್ನು ಹಲಗೆಗಿಂತ ಹಿಂದಕ್ಕೆ ಒಯ್ದರೆ ಎಷ್ಟು ಜನರಿಗೆ ಇರುಸುಮುರುಸಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೃಷ್ಣ ಜಾತಿಯ ಮೂಲಕ ಕೇಳಿದ ಪ್ರಶ್ನೆಯನ್ನು ಮಲೆನಾಡಿನಲ್ಲಿ ನೆಲದ ಮೂಲಕವೂ ಕೇಳಬೇಕಾಗುತ್ತದೆ. ಇಲ್ಲಿ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮರ ತೋಟದ್ದು, ಹಕ್ಕು ಸರ್ಕಾರದ್ದು ಎಂಬ ತಕರಾರು ಹಳೆಯದು. ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಮುಂದಿನ ತೊಂದರೆಯೆಂದು ಎಳೆಯದರಲ್ಲೇ ಕಿತ್ತುಬಿಡುವ ಮಾತು ತೋಟದ ಊರುಗಳಲ್ಲಿ ಹೊಸದಲ್ಲ. ಬೇಗ ಬೆಳೆಯುವ, ಕಡಿಯಲು ಸುಲಭವಾದ ಸಿಲ್ವರ್ ಓಕ್ ನೆರಳಿನ ಜಾಗ ಹಿಡಿದಿದೆ. 1925ರಲ್ಲಿ ಕಾಫಿ ಸಂಶೋಧನೆ ಆರಂಭವಾದ ಈ ಸೀಮೆಯಲ್ಲಿ ಕಾಫಿ ಗಿಡದ ವಂಶಾವಳಿ ಬರೆದಿಡಲಾಗಿದೆ. ಅದರ ಮೇಲೆ ನೆರಳು ಚೆಲ್ಲಿದ ಮರಕ್ಕೆ ಅಂಥ ಭಾಗ್ಯವಿಲ್ಲ. ಜಗತ್ತಿನ ಇನ್ನೊಂದು ತುದಿಯಲ್ಲಿ ಒಂದು ಹಲಗೆಯನ್ನು ತಟ್ಟಿ ಕಣ್ಣು ಮುಚ್ಚಿ ಕೇಳುತ್ತಿರುವಾಗ, ಇಲ್ಲಿ ಅದೇ ಮರದ ಸಸಿ ಯಾರಿಗೂ ಬೇಡವಾಗಿರಬಹುದು. ಹಲಗೆಯಿಂದ ಶುರುವಾಗುವ ಕಥೆಗೆ ಇದು ಕಾಣುವುದು ಸಾಧ್ಯವೇ ಇಲ್ಲ.

ಹಾಗಾದರೆ ಇದನ್ನು ಬರೆಯುವ ಬಗೆ ಯಾವುದು? ಕನ್ನಡದಲ್ಲಿ ಅದಕ್ಕೊಂದು ದಾರಿ 1980ರಲ್ಲೇ ತೆರೆದಿದೆ. ತೇಜಸ್ವಿಯವರ 'ಕರ್ವಾಲೊ' ಕೂಡ ಹಿಂಬಾಲಿಸುವ ಕಥೆಯೇ: ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವವರ ಕಥೆ. ಅಲ್ಲಿ ವಿಜ್ಞಾನಿಯ ಜ್ಞಾನ ಮಂದಣ್ಣನ ಕಣ್ಣಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು. ಜೇನು ಹಿಡಿಯುವವನ ಮದುವೆ, ಜಗಳ, ಕೋರ್ಟು ಕಚೇರಿಗಳನ್ನು ಬಿಟ್ಟು ಓತಿಯ ಹತ್ತಿರ ಹೋಗುವ ಅಡ್ಡದಾರಿಯನ್ನು ತೇಜಸ್ವಿ ಹಿಡಿಯುವುದಿಲ್ಲ. ಇನ್ನೂ ಮುಖ್ಯವಾದದ್ದು ಕೊನೆ. ಓತಿ ಕೈಗೆ ಸಿಗದೆ ತೇಲಿ ಹೋಗುತ್ತದೆ. ಗಿಟಾರಿನ ಕಥನ ಮಾಲೀಕತ್ವದಲ್ಲಿ ಮುಗಿದರೆ ಇದು ಅಚ್ಚರಿಯಲ್ಲಿ ಮುಗಿಯುತ್ತದೆ. ಹುಡುಕಿದ್ದು ತಮ್ಮದಾಗದೆಯೂ ಹುಡುಕಿದವರು ಬದಲಾಗಿರುತ್ತಾರೆ.

ಗಿಟಾರ್ ಕಟ್ಟುವವರ ಬಗ್ಗೆ, ವೀಣೆ ಮದ್ದಳೆ ಮಾಡುವವರ ಬಗ್ಗೆ ಬರೆಯಬೇಕೆಂದಿರುವ ಗೆಳೆಯರು ಉಳಿಯ ಸದ್ದಿಗೆ ಕಿವಿಗೊಡುವುದನ್ನು ಸೇಂಟ್ ಜಾನ್ ಅಂಥವರಿಂದ ಧಾರಾಳವಾಗಿ ಕಲಿಯಲಿ. ಆದರೆ ಕಾರ್ಯಾಗಾರದ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ 'ಇದರ ನಾದ ಹೇಗಿದೆ' ಎಂದಾಗುವ ಬದಲು 'ಈ ಮರ ಎಲ್ಲಿಯದು, ಕಡಿದವರು ಯಾರು, ಅಲ್ಲಿ ಈಗ ಏನಿದೆ' ಎಂದಾಗಲಿ. ನಾದದ ಪ್ರಶ್ನೆ ಆಮೇಲೆ ಕೇಳಿದರೂ ಕೆಡುವುದಿಲ್ಲ.