ಹುಳಿಯ ಕಾವಲು

ಉಪ್ಪು, ಹುಳಿ, ಎಣ್ಣೆಗಳಲ್ಲಿ ಕಾಪಿಟ್ಟ ಪದಾರ್ಥಗಳ ರಸಿಕನು ಜಾಡಿಯ ಮುಚ್ಚಳ ತೆರೆದೊಡನೆ ಮೊದಲು ನಂಬುವುದು ತನ್ನ ಮೂಗನ್ನು. ಎಣ್ಣೆಯ ಕಮಟನ್ನೂ ಬೂಷ್ಟಿನ ಮುಗ್ಗಲನ್ನೂ ಅದು ಒಂದೇ ಉಸಿರಿಗೆ ಕಂಡುಹಿಡಿಯಬಲ್ಲುದು. ಆದರೆ ಮೂಗಿಗೂ ನಾಲಗೆಗೂ ಸುಳಿವು ಕೊಡದೆ, ನೋಡಲು ನಿರ್ದುಷ್ಟವಾದ ತಿನಿಸಿನೊಳಗೇ ಅಡಗಿರಬಲ್ಲ ವಿಷವೊಂದುಂಟು. ಅದರಿಂದಾಗುವ ವ್ಯಾಧಿಗೆ ವೈದ್ಯರು ಬಾಟ್ಯುಲಿಸಂ ಎನ್ನುತ್ತಾರೆ. ವ್ಯಾಧಿ ವಿರಳವೇ ಸರಿ. ಆದರೂ ಜಾಡಿ ಭರಣಿಗಳ ವ್ಯಸನವುಳ್ಳವರು ಅದರ ಪರಿಚಯವಿಲ್ಲದೆ ಇರುವುದು ಉಚಿತವಲ್ಲ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರು ರಕ್ತಮಾಂಸಗಳನ್ನು ಹಂದಿಯ ಕರುಳಿನ ಚೀಲದಲ್ಲಿ ಇಡುಕಿ, ಬೇಯಿಸಿ, ಹೊಗೆಯಾಡಿಸಿ ಇಡುತ್ತಿದ್ದ ಸಾಸೇಜನ್ನು ತಿಂದು ಸಾಯುತ್ತಿದ್ದುದನ್ನು ಕಂಡ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯನು, 1820ರಲ್ಲಿ 76 ರೋಗಿಗಳ, ಎರಡು ವರ್ಷಗಳ ಅನಂತರ 155 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಕವಿಯೆಂದೂ ಖ್ಯಾತನಾಗಿದ್ದ ಈತನು ಕೆಟ್ಟ ಸಾಸೇಜಿನ ಸಾರವನ್ನು ಪ್ರಾಣಿಗಳಿಗೆ ಕೊಟ್ಟು ನೋಡಿದುದಲ್ಲದೆ, ತನ್ನ ಮೇಲೆಯೂ ಪ್ರಯೋಗಿಸಿಕೊಂಡನು. ವಿಷವು ಕೊಬ್ಬಿನಿಂದ ಹುಟ್ಟುವುದೆಂಬ ಅವನ ಊಹೆ ತಪ್ಪಿತು. ಗಾಳಿ ಸುಳಿಯದ ಎಡೆಯಲ್ಲಿ ಹುಟ್ಟುವುದೆಂಬ ಊಹೆ ನಿಜವಾಯಿತು.

ಕಾರಣ ಕೈಗೆ ಸಿಕ್ಕಿದುದು 1895ರ ಡಿಸೆಂಬರಿನಲ್ಲಿ. ಬೆಲ್ಜಿಯಂ ದೇಶದ ಎಲ್ಲೆಜೆಲ್ ಗ್ರಾಮದಲ್ಲಿ, ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ಸಂಗೀತಗಾರರು ಉಪ್ಪುನೀರಿನಲ್ಲಿ ಇಟ್ಟಿದ್ದ ಹಂದಿಯ ತೊಡೆಮಾಂಸವನ್ನು ಬೇಯಿಸದೆಯೇ ತಿಂದು ರೋಗಕ್ಕೆ ತುತ್ತಾದರು, ಮೂವರು ಮಡಿದರು. ಉಳಿದಿದ್ದ ಮಾಂಸವನ್ನು ಪರೀಕ್ಷಿಸಿದ ಘೆಂಟ್ ನಗರದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮ್, ಈಗ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂದು ಕರೆಯಲ್ಪಡುವ ಸೂಕ್ಷ್ಮಾಣುವನ್ನು ಅದರಲ್ಲಿ ಕಂಡನು.

ಮಣ್ಣಿನಲ್ಲಿ ಎಲ್ಲೆಡೆಯೂ ಇರುವ ಈ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅವುಗಳ ನಾಶಕ್ಕೆ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗಾಳಿಯಿಲ್ಲದೆ, ಹುಳಿಯೂ ಉಪ್ಪೂ ಸಾಲದೆ, ಬೆಚ್ಚಗಿರುವ ಪದಾರ್ಥವು ದೊರೆತರೆ ಅವು ಮೊಳೆತು ವಿಷವನ್ನು ಸ್ರವಿಸುತ್ತವೆ. ವಿಷವಾದರೋ ಅಷ್ಟು ಗಟ್ಟಿಯಲ್ಲ. 85 ಡಿಗ್ರಿಯಲ್ಲಿ ಐದು ನಿಮಿಷ ಕಾದರೆ ನಿರ್ವೀರ್ಯವಾಗುವುದು. ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ, ಅಥವಾ ನೂರಕ್ಕೆ ಹತ್ತು ಪಾಲಿನ ಉಪ್ಪುನೀರಿನಲ್ಲಿ, ಈ ಸೂಕ್ಷ್ಮಾಣು ಬೆಳೆಯಲಾರದು. ನಮ್ಮ ಮಾವಿನ ಮಿಡಿಯು ಭರಣಿಯಲ್ಲಿ ಉಪ್ಪುಂಡು, ಸುಕ್ಕುಗಟ್ಟಿ, ತನ್ನದೇ ಹುಳಿನೀರಿನಲ್ಲಿ ಮುಳುಗಿ ವರ್ಷಗಟ್ಟಲೆ ಬಾಳುವುದು ಈ ಎರಡರ ಕಾವಲಿನಲ್ಲಿ. ಅದೇ ಹಸಿ ಬೆಳ್ಳುಳ್ಳಿಯನ್ನು ಹುಳಿ ಸೋಂಕಿಸದೆ ಬರಿಯ ಎಣ್ಣೆಯಲ್ಲಿ ಮುಳುಗಿಸಿಟ್ಟರೆ, ಎಣ್ಣೆ ಗಾಳಿಯನ್ನು ತಡೆಯುವುದೇ ಹೊರತು ಕಾವಲು ಕಾಯುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಭೋಜನಶಾಲೆಯೊಂದರಲ್ಲಿ ಉಂಡು ಈ ರೋಗಕ್ಕೆ ಬಿದ್ದುದು, ಎಣ್ಣೆಯಲ್ಲಿಟ್ಟು ಶೀತದಲ್ಲಿರಿಸದಿದ್ದ ಬೆಳ್ಳುಳ್ಳಿಯಿಂದ.

ವಿಷಾಹಾರವನ್ನುಂಡ ಹನ್ನೆರಡರಿಂದ ಮೂವತ್ತಾರು ಗಂಟೆಗಳೊಳಗೆ ಸಾಮಾನ್ಯವಾಗಿ ಲಕ್ಷಣಗಳು ಮೊದಲಾಗುವುವು. ಕೆಲವೊಮ್ಮೆ ದಿನಗಳೇ ಕಳೆಯುವುದುಂಟು. ವಾಂತಿಯೂ ಹೊಟ್ಟೆನೋವೂ ಕಾಣಿಸಬಹುದು. ಆದರೆ ಈ ವ್ಯಾಧಿಯ ನಿಜವಾದ ಗುರುತು ಕಣ್ಣಿನಲ್ಲಿ: ರೆಪ್ಪೆ ಜೋಲುವುದು, ಒಂದು ದೀಪ ಎರಡಾಗಿ ತೋರುವುದು. ಬಳಿಕ ಬಾಯಿ ಒಣಗಿ, ಮಾತು ತೊದಲಿ, ನುಂಗುವುದು ಕಷ್ಟವಾಗಿ, ನಿಶ್ಶಕ್ತಿ ಎರಡೂ ಪಾರ್ಶ್ವಗಳಲ್ಲಿ ಸಮನಾಗಿ ತಲೆಯಿಂದ ಕೆಳಗೆ ಇಳಿಯುತ್ತದೆ. ಎದೆಯ ಸ್ನಾಯುಗಳನ್ನು ಮುಟ್ಟಿದಾಗ ಉಸಿರು ನಿಲ್ಲುತ್ತದೆ. ಜ್ವರವಿರುವುದಿಲ್ಲ, ಪ್ರಜ್ಞೆ ಮಾತ್ರ ತಿಳಿಯಾಗಿಯೇ ಇರುತ್ತದೆ. ನರವು ಸ್ನಾಯುವಿಗೆ ಕಳುಹಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ವಿಷವು ತಡೆಹಿಡಿಯುವುದೇ ಇದಕ್ಕೆಲ್ಲ ಕಾರಣ.

ಚಿಕಿತ್ಸೆಯ ಆಧಾರ ಎರಡು: ವಿಷವನ್ನು ಬಂಧಿಸುವ ಪ್ರತಿವಿಷ, ಉಸಿರಾಟವನ್ನು ನಡೆಯಿಸುವ ಯಂತ್ರ. ಪ್ರತಿವಿಷವು ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲುದಾದುದರಿಂದ, ಪ್ರಯೋಗಶಾಲೆಯ ಫಲಿತಾಂಶಕ್ಕೆ ಕಾಯದೆ, ಅನುಮಾನ ಮೂಡಿದೊಡನೆಯೇ ವೈದ್ಯರು ಅದನ್ನು ಕೊಡುತ್ತಾರೆ. ಆಗಲೇ ಸೋತ ಸ್ನಾಯುಗಳು ಚೇತರಿಸಿಕೊಳ್ಳಲು ನರಗಳ ತುದಿಗಳು ಹೊಸದಾಗಿ ಚಿಗುರಬೇಕು. ಅದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಆಹಾರದಿಂದಲ್ಲದೆ ಗಾಯದ ಮೂಲಕವೂ ಈ ರೋಗ ಬರುವುದುಂಟು. ಹಾಗೆ ಬಂದುದಾದರೆ ಗಾಯವನ್ನು ಶುದ್ಧಗೊಳಿಸುವುದೂ ಅವಶ್ಯ.

ಹಸುಗೂಸಿನ ಪ್ರಕರಣ ಬೇರೆಯದು. ಬೀಜಕಗಳು ಅದರ ಎಳೆಗರುಳಿನಲ್ಲಿಯೇ ಮೊಳೆತು ವಿಷ ಹುಟ್ಟಿಸುವುದರಿಂದ, ಮಲಬದ್ಧತೆ, ಕ್ಷೀಣವಾದ ಅಳು, ಮೊಲೆಯುಣ್ಣಲಾರದ ಸೋಲು ತೋರುತ್ತವೆ. ಈ ಬೀಜಕಗಳು ಜೇನಿನಲ್ಲಿಯೂ ಇರಬಹುದು. ಹುಟ್ಟಿದ ಕೂಸಿನ ನಾಲಗೆಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮ ಹಲವು ಮನೆಗಳಲ್ಲಿ ಇರುವುದರಿಂದ, ಒಂದು ವರ್ಷ ತುಂಬುವವರೆಗೆ ಅದನ್ನು ಬಿಡಬೇಕೆಂದು ಹಿರಿಯರನ್ನು ಪ್ರಾರ್ಥಿಸುತ್ತೇನೆ.

ಇನ್ನು ರಸಿಕರಿಗೆ ಒಂದು ಮಾತು: ಉಬ್ಬಿದ ಡಬ್ಬಿಯನ್ನು ರುಚಿ ನೋಡದೆಯೇ ಎಸೆಯಿರಿ. ಬೆಳ್ಳುಳ್ಳಿ ಎಣ್ಣೆ ಬೇಕೆನಿಸಿದರೆ ಆ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಿರಿ. ಮಿಕ್ಕುದನ್ನು ಶೀತಕಪಾಟಿನಲ್ಲಿರಿಸಿ ಬೇಗನೆ ಮುಗಿಸಿರಿ. ಉಂಡ ಮೇಲೆ ರೆಪ್ಪೆ ಜೋತು ನೋಟ ಇಬ್ಬಗೆಯಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ, ಏನನ್ನು ತಿಂದಿರೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಿರಿ.